ಓದುಗರ ಪ್ರಶ್ನೆ: ಬಾಂಬುಗಳ ಲೆಕ್ಕ ನೋಡುವವರು ಯಾರು?

ಈ ಸಲದ ವಿಷಯ ಅಣುಬಾಂಬ್, ವಿಷಾನಿಲ, ರೋಗಾಣು ಅಸ್ತ್ರ, ಮತ್ತು ಇವನ್ನೆಲ್ಲ ಹಿಡಿತದಲ್ಲಿ ಇಡುತ್ತೇವೆ ಎಂದು ದೇಶಗಳು ಮಾಡಿಕೊಂಡ ಒಪ್ಪಂದಗಳು. ಪ್ರಶ್ನೆಗಳು ರಾಶಿ ಬಿದ್ದಿವೆ. ಬೈಗುಳಗಳೂ ಬಂದಿವೆ, ಅವನ್ನು ಪಕ್ಕಕ್ಕಿಟ್ಟಿದ್ದೇನೆ. ಒಂದೇ ತರಹದವನ್ನು ಸೇರಿಸಿ ಒಂದು ಮಾಡಿದ್ದೇನೆ. ಹೆಸರು ಹಾಕಬೇಡಿ ಎಂದು ಹಲವರು ಕೇಳಿದ್ದರಿಂದ ಯಾರ ಹೆಸರೂ ಇಲ್ಲ.

ಪ್ರಶ್ನೆ: ಮಾಮೂಲಿ ಬಾಂಬಿನಿಂದಲೂ ಸಾವಿರಾರು ಜನ ಸಾಯುತ್ತಾರೆ. ಹಾಗಿದ್ದ ಮೇಲೆ ಕೆಲವನ್ನು ಮಾತ್ರ ಸಮೂಹ ನಾಶಕ ಅಸ್ತ್ರ ಅಂತ ಬೇರೆ ಇಡುವುದು ಯಾಕೆ ಸರ್?

ನ್ಯಾಯವಾದ ಪ್ರಶ್ನೆ. 1945ರ ಮಾರ್ಚ್ 9ರ ರಾತ್ರಿ ಅಮೆರಿಕ ಟೋಕಿಯೊ ಮೇಲೆ ಸುರಿದದ್ದು ಮಾಮೂಲಿ ಬೆಂಕಿ ಬಾಂಬುಗಳನ್ನೇ. ಬೆಳಗಾಗುವುದರೊಳಗೆ ಸುಮಾರು ಒಂದು ಲಕ್ಷ ಜನ ಸತ್ತಿದ್ದರು. ಐದು ತಿಂಗಳ ನಂತರ ಹಿರೋಶಿಮಾ. ಅಲ್ಲಿ ಆ ವರ್ಷದ ಕೊನೆಯೊಳಗೆ ಸತ್ತವರು ಸುಮಾರು 1 ಲಕ್ಷ 40 ಸಾವಿರ. ಸಂಖ್ಯೆ ಮಾತ್ರ ನೋಡಿದರೆ ಅಂಥ ದೊಡ್ಡ ಅಂತರ ಕಾಣುವುದಿಲ್ಲ. ಆದರೆ ಟೋಕಿಯೊ ಸುಡಲು ಮುನ್ನೂರರ ಹತ್ತಿರ ವಿಮಾನ ಬೇಕಾದವು, ಹಿರೋಶಿಮಾಗೆ ಬಾಂಬ್ ಹೊತ್ತು ಬಂದದ್ದು ಒಂದೇ ವಿಮಾನ. ವ್ಯತ್ಯಾಸ ಇರುವುದು ಅಲ್ಲಿ.

ವಿಶ್ವಸಂಸ್ಥೆ 1948ರಲ್ಲಿ ಒಂದು ಪಟ್ಟಿ ಮಾಡಿತು. ಅಣ್ವಸ್ತ್ರ, ವಿಕಿರಣ ಹರಡುವ ಅಸ್ತ್ರ, ಮಾರಕ ರಾಸಾಯನಿಕ ಮತ್ತು ಜೈವಿಕ ಅಸ್ತ್ರಗಳು ಅದರಲ್ಲಿವೆ. ಇಂದಿಗೂ ಹೆಚ್ಚುಕಡಿಮೆ ಅದೇ ಪಟ್ಟಿ. ನನ್ನನ್ನು ಕೇಳಿದರೆ ಇವನ್ನೆಲ್ಲ ಒಂದೇ ಚೀಲಕ್ಕೆ ಹಾಕಿದ್ದು ಮಾತಿನ ಅನುಕೂಲಕ್ಕೆ ಅಷ್ಟೇ. ಊರನ್ನೇ ಅಳಿಸುವುದು ಅಣುಬಾಂಬ್. ವಿಷಾನಿಲ ಗಾಳಿ ತಿರುಗಿದರೆ ಬಿಟ್ಟವನ ಮುಖಕ್ಕೇ ಬರುತ್ತದೆ. ರೋಗಾಣುವಿಗೆ ಗಡಿ ಅಂದರೇನು ಅಂತಲೇ ಗೊತ್ತಿಲ್ಲ. ಮೂರನ್ನೂ ತಡೆಯುವ ದಾರಿ ಬೇರೆ ಬೇರೆ, ಯಶಸ್ಸೂ ಬೇರೆ ಬೇರೆ. ಮುಂದಿನ ಉತ್ತರಗಳನ್ನು ಓದುವಾಗ ಒಂದೇ ಒಂದು ಮಾತು ಕೇಳಿಕೊಳ್ಳುತ್ತಾ ಹೋಗಿ: ಒಪ್ಪಂದವೇನೋ ಆಯಿತು, ಹೋಗಿ ನೋಡುವವರು ಯಾರು?

ಪ್ರಶ್ನೆ: ಐದು ದೇಶಗಳು ಅಣುಬಾಂಬ್ ಇಟ್ಟುಕೊಳ್ಳಬಹುದು, ಉಳಿದವರು ಮುಟ್ಟಬಾರದು. ಇದು ಯಾವ ಸೀಮೆ ನ್ಯಾಯ?

ನ್ಯಾಯ ಅಂತ ಯಾರೂ ಹೇಳಿಲ್ಲ, ಅದೊಂದು ವ್ಯವಹಾರ. 1968ರಲ್ಲಿ ಸಹಿಗೆ ಇಟ್ಟು 1970ರಲ್ಲಿ ಜಾರಿಗೆ ಬಂದ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದ, ಎನ್‌ಪಿಟಿ, 1967ರ ಜನವರಿ 1ಕ್ಕೆ ಮುಂಚೆ ಬಾಂಬ್ ಸಿಡಿಸಿದವರನ್ನು ಮಾತ್ರ ಅಣ್ವಸ್ತ್ರ ದೇಶ ಎಂದು ಒಪ್ಪಿತು. ಅಮೆರಿಕ, ರಷ್ಯಾ, ಬ್ರಿಟನ್, ಫ್ರಾನ್ಸ್, ಚೀನಾ. ಉಳಿದವರು ಬಾಂಬ್ ಮಾಡುವುದಿಲ್ಲ ಎಂದು ಮಾತು ಕೊಡಬೇಕು. ಬದಲಿಗೆ ಶಾಂತಿಯುತ ಅಣುಶಕ್ತಿ ಸಿಗುತ್ತದೆ. ಮತ್ತೆ ಆರನೇ ವಿಧಿಯ ಪ್ರಕಾರ ಈ ಐದೂ ದೇಶಗಳು ನಿಶ್ಶಸ್ತ್ರೀಕರಣದ ಕಡೆಗೆ ಪ್ರಾಮಾಣಿಕವಾಗಿ ಮಾತುಕತೆ ನಡೆಸಬೇಕು. ಅದಕ್ಕೆ ಗಡುವು ಮಾತ್ರ ಬರೆದಿಲ್ಲ. ಗಡುವಿಲ್ಲದ ಸಾಲ ಹೇಗೆ ತೀರುತ್ತದೋ ಇದೂ ಹಾಗೇ ತೀರುತ್ತಾ ಬಂದಿದೆ.

ಭಾರತ ಇದಕ್ಕೆ ಸಹಿ ಹಾಕದೆ ಉಳಿದದ್ದು ಈ ತಾರತಮ್ಯದ ಮಾತೆತ್ತಿಯೇ. ಪಾಕಿಸ್ತಾನ, ಇಸ್ರೇಲ್ ಕೂಡ ಹೊರಗಿವೆ. ಉತ್ತರ ಕೊರಿಯಾ ಒಳಗಿದ್ದು 2003ರಲ್ಲಿ ಹೊರಟಿತು. ಹೊರಗೆ ಹೋಗಲು ಬೇಕಾದದ್ದು ಮೂರು ತಿಂಗಳ ನೋಟಿಸ್ ಅಷ್ಟೇ.

ಆದರೂ ಇದನ್ನು ಕಸದ ಬುಟ್ಟಿಗೆ ಹಾಕುವ ಮುಂಚೆ ಒಂದು ಲೆಕ್ಕ ನೋಡಿ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ, 1970ರ ದಶಕದಲ್ಲಿ ಹದಿನೈದೋ ಇಪ್ಪತ್ತೋ ಇಪ್ಪತ್ತೈದೋ ದೇಶಗಳ ಬಳಿ ಅಣುಬಾಂಬ್ ಇರಬಹುದು ಎಂದು ಹೆದರಿದ್ದರು. ಇವತ್ತಿಗೂ ಒಂಬತ್ತು ದಾಟಿಲ್ಲ. ಬಾಂಬ್ ಮಾಡುವ ಬುದ್ಧಿ, ದುಡ್ಡು ಎರಡೂ ಇದ್ದ ಹತ್ತಾರು ದೇಶಗಳು ಬೇಡ ಎಂದು ಕೂತವು. ಅನ್ಯಾಯದ ಒಪ್ಪಂದ, ಆದರೆ ಕೆಲಸ ಮಾಡಿದೆ. ಎರಡೂ ನಿಜ.

ಪ್ರಶ್ನೆ: ಸರ್, ಮೂರನೇ ಮಹಾಯುದ್ಧ ಯಾವಾಗ ಶುರುವಾಗುತ್ತೆ?

ಈ ಅಂಕಣಕ್ಕೂ ವಾರಭವಿಷ್ಯಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ಇರಾನ್ ಸುದ್ದಿ ಬಂದಾಗಲೆಲ್ಲ 60 ಪರ್ಸೆಂಟ್ ಅಂತಾರೆ. ಬಾಂಬಿಗೆ 90 ಬೇಕಂತೆ. 60ರಿಂದ 90ಕ್ಕೆ ಇನ್ನೂ ಮೂವತ್ತು ಬಾಕಿ ಇದೆಯಲ್ಲ, ಇಷ್ಟು ಗಾಬರಿ ಯಾಕೆ? ನಾನು ಪಿಯುಸಿ ವಿದ್ಯಾರ್ಥಿನಿ, ಲೆಕ್ಕ ಹಾಕಿ ತೋರಿಸಿದರೂ ಅರ್ಥವಾಗುತ್ತದೆ.

ಭೇಷ್, ಹಾಗಾದರೆ ಲೆಕ್ಕವನ್ನೇ ಹಾಕೋಣ. ನೆಲದಿಂದ ತೆಗೆದ ಯುರೇನಿಯಂನಲ್ಲಿ ಸಾವಿರ ಪರಮಾಣು ತೆಗೆದುಕೊಳ್ಳಿ. ಅದರಲ್ಲಿ ನಮಗೆ ಬೇಕಾದ ಯುರೇನಿಯಂ-235 ಇರುವುದು ಏಳು ಮಾತ್ರ. ಉಳಿದ 993 ಹೆಚ್ಚುಕಮ್ಮಿ ಎಲ್ಲವೂ ಯುರೇನಿಯಂ-238, ಬಾಂಬಿಗೆ ಬೇಡದವು. ಸಂವರ್ಧನೆ ಎಂದರೆ ಈ ಬೇಡದವುಗಳನ್ನು ಹೊರಗೆ ಹಾಕುತ್ತಾ ಹೋಗುವುದು. ಎರಡಕ್ಕೂ ತೂಕದಲ್ಲಿ ಕೂದಲೆಳೆಯ ವ್ಯತ್ಯಾಸ. ಆದ್ದರಿಂದ ಯುರೇನಿಯಂ ಅನಿಲವನ್ನು ವಿಪರೀತ ವೇಗದಲ್ಲಿ ತಿರುಗುವ ಸೆಂಟ್ರಿಫ್ಯೂಜ್‌ಗಳಲ್ಲಿ ಒಂದಾದ ಮೇಲೊಂದರಂತೆ ಮತ್ತೆ ಮತ್ತೆ ಹಾಯಿಸಬೇಕು.

ಈಗ ನೋಡಿ. ಪರ್ಸೆಂಟ್ ಅಂದರೆ ಒಟ್ಟಿನಲ್ಲಿ ಈ 235ರ ಪಾಲು. ವಿದ್ಯುತ್ ಸ್ಥಾವರಕ್ಕೆ ಬೇಕಾದ 4 ಪರ್ಸೆಂಟ್ ಮುಟ್ಟಬೇಕಾದರೆ ನಿಮ್ಮ ಏಳೂ ಸೇರಿ ಒಟ್ಟು 175 ಉಳಿಯಬೇಕು. ಅಂದರೆ 825 ಪರಮಾಣುಗಳನ್ನು ಆಗಲೇ ಹೊರಗೆ ಹಾಕಿಯಾಯಿತು. 20 ಪರ್ಸೆಂಟ್ ಆಗಲು ಒಟ್ಟು 35 ಉಳಿಯಬೇಕು. 60 ಪರ್ಸೆಂಟ್ ಅಂದರೆ ಸುಮಾರು ಹನ್ನೆರಡು. 90 ಅಂದರೆ ಸುಮಾರು ಎಂಟು. ಹನ್ನೆರಡರಿಂದ ಎಂಟಕ್ಕೆ ಬರಲು ತೆಗೆಯಬೇಕಾದದ್ದು ನಾಲ್ಕೇ ನಾಲ್ಕು. ನಿಜವಾದ ಕಾರ್ಖಾನೆಯಲ್ಲಿ ಏಳರಲ್ಲೂ ಒಂದಷ್ಟು ಸೋರಿಹೋಗುತ್ತದೆ, ಲೆಕ್ಕ ಇಷ್ಟು ನುಣುಪಾಗಿ ಇರುವುದಿಲ್ಲ. ಆದರೆ ದಾರಿಯ ಬಹುಪಾಲು ಮೊದಲಲ್ಲೇ ಸವೆದಿರುತ್ತದೆ ಅನ್ನುವುದು ನಿಜ. 60 ಅಂದರೆ ಮೂರರಲ್ಲಿ ಎರಡು ಪಾಲು ದಾರಿ ಅಲ್ಲ, ಬಾಗಿಲ ಹತ್ತಿರ.

2015ರ ಜುಲೈನಲ್ಲಿ ಅಮೆರಿಕ ಮತ್ತಿತರ ದೊಡ್ಡ ದೇಶಗಳ ಜೊತೆ ಆದ ಒಪ್ಪಂದದಲ್ಲಿ ಇರಾನ್ 3.67 ಪರ್ಸೆಂಟ್ ದಾಟಬಾರದು, 300 ಕೆಜಿಗಿಂತ ಜಾಸ್ತಿ ಇಟ್ಟುಕೊಳ್ಳಬಾರದು ಎಂದಿತ್ತು. ಇದ್ದದ್ದರಲ್ಲಿ 11 ಟನ್‌ಗೂ ಹೆಚ್ಚು ಹಡಗಿನಲ್ಲಿ ರಷ್ಯಾಕ್ಕೆ ಹೋಯಿತು. ವಿಯೆನ್ನಾದಲ್ಲಿ ಕಚೇರಿ ಇರುವ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ, ಐಎಇಎ, ಒಳಗೆ ಹೋಗಿ ಕ್ಯಾಮೆರಾ ಇಟ್ಟು ನೋಡುತ್ತಿತ್ತು. 2018ರ ಮೇನಲ್ಲಿ ಅಮೆರಿಕ ಒಪ್ಪಂದದಿಂದ ಎದ್ದು ಹೋಯಿತು. 2021ರಲ್ಲಿ ಇರಾನ್ 60 ಪರ್ಸೆಂಟ್ ಶುರು ಮಾಡಿತು. 2025ರ ಜೂನ್ ಹೊತ್ತಿಗೆ ಆ 60ರದ್ದೇ ಸುಮಾರು 440 ಕೆಜಿ ಇತ್ತು ಎಂದು ಐಎಇಎ ಅಂದಾಜು. ಒಂದು ಬಾಂಬಿಗೆ 25 ಕೆಜಿ ಯುರೇನಿಯಂ-235 ಸಾಕು ಎಂಬುದು ಅದೇ ಸಂಸ್ಥೆಯ ಅಳತೆ. 440ರಲ್ಲಿ ನೂರಕ್ಕೆ ಅರವತ್ತರಷ್ಟನ್ನು ತೆಗೆದುಕೊಂಡು 25ರಿಂದ ಭಾಗಿಸಿ, ಎಷ್ಟು ಬರುತ್ತದೆ ನೀವೇ ಹೇಳಿ.

ಆ ಜೂನ್‌ನಲ್ಲಿ ಮೊದಲು ಇಸ್ರೇಲ್, ಆಮೇಲೆ ಅಮೆರಿಕ ಬಾಂಬ್ ಹಾಕಿದವು. ನತಾಂಜ್, ಫೋರ್ಡೊ, ಇಸ್ಫಹಾನ್, ಇರಾನ್‌ನ ಈ ಮೂರು ಅಣುಕೇಂದ್ರಗಳಿಗೂ ಏಟು ಬಿತ್ತು. ಅದಾದ ಮೇಲೆ ಇರಾನ್ ಐಎಇಎ ಜೊತೆಗಿನ ಸಹಕಾರ ನಿಲ್ಲಿಸಲು ಕಾನೂನು ಮಾಡಿತು. ಆ 440 ಕೆಜಿ ಎಲ್ಲಿದೆ, ಹೇಗಿದೆ ಎಂದು ತಿಂಗಳುಗಟ್ಟಲೆ ತಪಾಸಕರು ಕಣ್ಣಿಂದ ನೋಡಲು ಆಗಲಿಲ್ಲ. ದಾಳಿ ಗೆದ್ದಿತೋ ಸೋತಿತೋ ಅನ್ನುವ ಟಿವಿ ಚರ್ಚೆಗಿಂತ ನನಗೆ ಇದು ದೊಡ್ಡ ವಿಷಯ. ಕಟ್ಟಡ ಬಿದ್ದದ್ದು ಉಪಗ್ರಹಕ್ಕೆ ಕಾಣುತ್ತದೆ, ಡಬ್ಬಿಯೊಳಗಿನ ಯುರೇನಿಯಂ ಕಾಣುವುದಿಲ್ಲ.

ಪ್ರಶ್ನೆ: ತಪಾಸಕರು ಬರುತ್ತಾರೆ ಅಂತ ಗೊತ್ತಾದರೆ ಎಲ್ಲ ಬಚ್ಚಿಟ್ಟು, ನೆಲ ಗುಡಿಸಿ, ಸುಣ್ಣ ಬಳಿದರೆ ಮುಗೀತಲ್ವಾ?

ಪ್ರಯತ್ನಪಟ್ಟವರಿದ್ದಾರೆ. ಆದರೆ ಗುಡಿಸಿದರೆ ಹೋಗುವ ಧೂಳಲ್ಲ ಇದು. ತಪಾಸಕರು ಹತ್ತಿ ಬಟ್ಟೆಯ ತುಂಡಿನಿಂದ ಗೋಡೆ, ಪೈಪು, ಮೇಜು ಒರೆಸಿ ಲ್ಯಾಬಿಗೆ ಕಳಿಸುತ್ತಾರೆ. ಕಣ್ಣಿಗೆ ಕಾಣದ ಒಂದು ಕಣ ಸಿಕ್ಕರೂ ಅದು ಎಷ್ಟು ಪರ್ಸೆಂಟ್ ಯುರೇನಿಯಂ ಎಂದು ತಿಳಿಯುತ್ತದೆ.

ಉತ್ತರ ಕೊರಿಯಾ ಸಿಕ್ಕಿಬಿದ್ದದ್ದು ಹೀಗೆಯೇ. 1990ರಲ್ಲಿ ಒಂದೇ ಒಂದು ಸಲ, ಬಾಂಬಿಗೆ ಬಳಸುವ ಇನ್ನೊಂದು ವಸ್ತುವಾದ ಪ್ಲುಟೋನಿಯಂ ಅನ್ನು ಚೂರು ಬೇರ್ಪಡಿಸಿದ್ದೇವೆ ಎಂದು ಅದು ಲೆಕ್ಕ ಕೊಟ್ಟಿತ್ತು. 1992ರಲ್ಲಿ ಐಎಇಎ ಮಾದರಿ ತೆಗೆದು ನೋಡಿದರೆ ಹಲವು ಸಲ ಈ ಕೆಲಸ ನಡೆದ ಗುರುತು. ಪ್ಲುಟೋನಿಯಂಗೆ ವಯಸ್ಸಾಗುತ್ತದೆ, ಯಾವಾಗ ಬೇರ್ಪಡಿಸಿದ್ದು ಎಂಬುದು ಅದರೊಳಗೇ ಬರೆದಿರುತ್ತದೆ. ಸುಳ್ಳು ಸಿಕ್ಕಿತು ಸರಿ, ಮುಂದೇನಾಯಿತು? ಹತ್ತು ವರ್ಷ ಮಾತುಕತೆ, ಜಗಳ, ಮತ್ತೆ ಮಾತುಕತೆ. 2003ರಲ್ಲಿ ಒಪ್ಪಂದದಿಂದ ಹೊರಗೆ. 2006ರ ಅಕ್ಟೋಬರ್ 9ರಂದು ಮೊದಲ ಪರೀಕ್ಷೆ. ತಪಾಸಕರ ಕೈಯಲ್ಲಿರುವುದು ನೋಡಿ ಹೇಳುವ ಕೆಲಸ. ಕೇಳಿಸಿಕೊಂಡು ಏನಾದರೂ ಮಾಡುವ ಕೆಲಸ ಬೇರೆಯವರದ್ದು.

ಪ್ರಶ್ನೆ: ಇರಾಕ್‌ನಲ್ಲಿ ಸಮೂಹ ನಾಶಕ ಅಸ್ತ್ರ ಇದೆ ಎಂದು ಯುದ್ಧ ಮಾಡಿ, ಕೊನೆಗೆ ಏನೂ ಸಿಗಲಿಲ್ಲ. ತಪಾಸಕರನ್ನು ಹೇಗೆ ನಂಬುವುದು?

ಸ್ವಲ್ಪ ನಿಲ್ಲಿ. ಅಸ್ತ್ರ ಇದೆ ಎಂದು ಹೇಳಿದ್ದು ತಪಾಸಕರಲ್ಲ. ಈ ತಪ್ಪು ತಿಳಿವಳಿಕೆ ಎಷ್ಟು ಹಬ್ಬಿದೆ ಅಂದರೆ ನಾಲ್ಕು ಪತ್ರಗಳಲ್ಲಿ ಇದೇ ಮಾತು.

2002ರ ನವೆಂಬರ್‌ನಿಂದ ಹಾನ್ಸ್ ಬ್ಲಿಕ್ಸ್ ಮುಖ್ಯಸ್ಥರಾಗಿದ್ದ ವಿಶ್ವಸಂಸ್ಥೆಯ ತಂಡ ಇರಾಕ್‌ನಲ್ಲಿ ಸುಮಾರು 700 ತಪಾಸಣೆ ಮಾಡಿತು. ನಿಷೇಧಿತ ಅಸ್ತ್ರಗಳ ದಾಸ್ತಾನು ಸಿಗಲಿಲ್ಲ, ಇನ್ನೂ ಕೆಲವು ತಿಂಗಳು ಕೊಡಿ ಎಂದು ಅವರು ಕೇಳಿದರು. ಐಎಇಎ ಮುಖ್ಯಸ್ಥ ಮೊಹಮದ್ ಎಲ್‌ಬರಾದಿ 2003ರ ಮಾರ್ಚ್ 7ರಂದು ಭದ್ರತಾ ಮಂಡಳಿಯ ಮುಂದೆಯೇ ಹೇಳಿದರು: ನೈಜರ್ ದೇಶದಿಂದ ಇರಾಕ್ ಯುರೇನಿಯಂ ಕೊಳ್ಳಲು ಹೊರಟಿತ್ತು ಎನ್ನುವ ಕಾಗದಪತ್ರ ಅಸಲಿಯಲ್ಲ. ಅದಕ್ಕೂ ಒಂದು ತಿಂಗಳ ಮುಂಚೆ ಅದೇ ಮಂಡಳಿಯಲ್ಲಿ ಅಮೆರಿಕದ ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ಸಂಚಾರಿ ಜೈವಿಕ ಲ್ಯಾಬುಗಳ ಚಿತ್ರ ತೋರಿಸಿದ್ದರು. ಆ ಕಥೆ ಬಹುಪಾಲು ನಿಂತಿದ್ದದ್ದು ‘ಕರ್ವ್‌ಬಾಲ್’ ಎಂಬ ಗುಪ್ತನಾಮದ ಒಬ್ಬ ಇರಾಕಿಯ ಮಾತಿನ ಮೇಲೆ. ಅದು ಕಟ್ಟುಕಥೆ ಎಂದು ಅವನೇ ಮುಂದೆ ಒಪ್ಪಿಕೊಂಡ.

ಮಾರ್ಚ್ 20ಕ್ಕೆ ಯುದ್ಧ ಶುರುವಾಯಿತು. ಆಮೇಲೆ ಅಮೆರಿಕದ್ದೇ ತಂಡ ದೇಶವೆಲ್ಲ ಜಾಲಾಡಿ, ದಾಸ್ತಾನು ಇರಲಿಲ್ಲ ಎಂದು 2004ರಲ್ಲಿ ವರದಿ ಕೊಟ್ಟಿತು. ಇದ್ದದ್ದು 1991ರ ಯುದ್ಧದ ನಂತರವೇ ಬಹುಪಾಲು ನಾಶವಾಗಿತ್ತು. ಸದ್ದಾಂ ಆ ಕೆಲಸದಲ್ಲಿ ಒಂದಷ್ಟನ್ನು ಸಾಕ್ಷಿ ಇಲ್ಲದೆ, ಸರಿಯಾದ ದಾಖಲೆ ಇಲ್ಲದೆ ಮಾಡಿಸಿದ್ದ. ನಾಶ ಮಾಡಿದ್ದೇವೆ ಎಂದರೆ ಯಾರೂ ನಂಬಲಿಲ್ಲ. ಸುಳ್ಳು ಹೇಳಿ ಹೇಳಿ ಅಭ್ಯಾಸವಾದವನು ಒಮ್ಮೆ ನಿಜ ಹೇಳಿದಾಗ ಆಗುವ ಗತಿ. ಇರಲಿ, ಅವನ ಮೇಲೆ ನನಗೇನೂ ಕನಿಕರವಿಲ್ಲ. 1988ರಲ್ಲಿ ಹಲಬ್ಜಾದಲ್ಲಿ ಸುಮಾರು ಐದು ಸಾವಿರ ಕುರ್ದರನ್ನು ವಿಷಾನಿಲದಿಂದ ಕೊಂದ ಆಡಳಿತ ಅವನದೇ.

ಪ್ರಶ್ನೆ: ಕ್ಲೋರಿನ್ ಹಾಕಿ ನೀರು ಶುದ್ಧ ಮಾಡುತ್ತಾರೆ. ಅದೇ ಕ್ಲೋರಿನ್ ಯುದ್ಧದಲ್ಲಿ ವಿಷಾನಿಲ. ನಿಷೇಧ ಹೇಗೆ ಮಾಡುವುದು?

ವಸ್ತುವನ್ನು ನಿಷೇಧಿಸಿಲ್ಲ, ಉದ್ದೇಶವನ್ನು ನಿಷೇಧಿಸಿದ್ದಾರೆ. 1997ರ ಏಪ್ರಿಲ್ 29ರಿಂದ ಜಾರಿಯಲ್ಲಿರುವ ರಾಸಾಯನಿಕ ಅಸ್ತ್ರ ನಿಷೇಧ ಒಪ್ಪಂದದ ಜಾಣತನ ಅದೇ. ಯಾವ ವಿಷವಸ್ತುವೇ ಆಗಲಿ, ಒಳ್ಳೆ ಕೆಲಸಕ್ಕೆ, ಆ ಕೆಲಸಕ್ಕೆ ತಕ್ಕಷ್ಟು ಪ್ರಮಾಣದಲ್ಲಿ ಇದ್ದರೆ ಸರಿ. ಇಲ್ಲವಾದರೆ ಅದು ಅಸ್ತ್ರ. ನಾಳೆ ಯಾರೋ ಹೊಸ ವಿಷ ಕಂಡುಹಿಡಿದು ಪಟ್ಟಿಯಲ್ಲಿ ಇದರ ಹೆಸರಿಲ್ಲ ಎಂದು ನುಣುಚಿಕೊಳ್ಳಲು ಆಗುವುದಿಲ್ಲ.

1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಹತ್ತಿರ ಜರ್ಮನ್ ಸೇನೆ ಸಿಲಿಂಡರ್‌ಗಳಿಂದ ಬಿಟ್ಟದ್ದು ಇದೇ ಕ್ಲೋರಿನ್. 1925ರ ಜಿನೀವಾ ಒಪ್ಪಂದ ಬಳಕೆಯನ್ನು ನಿಷೇಧಿಸಿತು, ತಯಾರಿಸಿ ಇಟ್ಟುಕೊಳ್ಳುವುದನ್ನು ಬಿಟ್ಟುಬಿಟ್ಟಿತು. ಹಾಗಾಗಿ ಎಲ್ಲರೂ ಗುಡ್ಡೆ ಹಾಕಿಕೊಂಡರು. 1997ರ ಒಪ್ಪಂದ ಆ ಗುಡ್ಡೆಯನ್ನೇ ನಾಶ ಮಾಡಿ ಎಂದಿತು. ನೆದರ್ಲೆಂಡ್ಸ್‌ನ ಹೇಗ್ ನಗರದಲ್ಲಿರುವ, ಈ ಒಪ್ಪಂದದ ಪಾಲನೆ ನೋಡಿಕೊಳ್ಳುವ ಒಪಿಸಿಡಬ್ಲ್ಯು ಸಂಸ್ಥೆಯ ತಪಾಸಕರು ಪಕ್ಕದಲ್ಲಿ ನಿಂತು ನೋಡಿದರು. ದೇಶಗಳು ಒಪ್ಪಿಕೊಂಡ ದಾಸ್ತಾನು 72 ಸಾವಿರ ಟನ್‌ಗೂ ಜಾಸ್ತಿ. ಭಾರತ ತನ್ನದನ್ನು 2009ರಲ್ಲಿ ಮುಗಿಸಿತು, ರಷ್ಯಾ 2017ರಲ್ಲಿ. 2023ರ ಜುಲೈನಲ್ಲಿ ಅಮೆರಿಕದ ಕೆಂಟಕಿಯಲ್ಲಿ ಕೊನೆಯದ್ದು ಮುಗಿಯಿತು. ಇಡೀ ಒಂದು ಜಾತಿಯ ಅಸ್ತ್ರದ ಘೋಷಿತ ದಾಸ್ತಾನು ಜಗತ್ತಿನಿಂದ ಹೋಯಿತು, ಪತ್ರಿಕೆಗಳಲ್ಲಿ ಒಳಪುಟದ ಸುದ್ದಿಯಾಯಿತು.

ಘೋಷಿತ ಅಂತ ಒತ್ತಿ ಹೇಳಿದ್ದು ಸುಮ್ನೆ ಅಲ್ಲ. ಸಿರಿಯಾ 2013ರಲ್ಲಿ ಸೇರಿ ಸುಮಾರು 1,300 ಟನ್ ಒಪ್ಪಿಸಿತು. ಆದರೆ 2018ರ ಏಪ್ರಿಲ್‌ನಲ್ಲಿ ದೂಮಾದಲ್ಲಿ ಕ್ಲೋರಿನ್ ಸಿಲಿಂಡರ್ ಹಾಕಿದ್ದು ಸಿರಿಯಾದ ವಾಯುಸೇನೆ ಎನ್ನಲು ಸಾಕಷ್ಟು ಆಧಾರವಿದೆ ಎಂದು ಈ ಸಂಸ್ಥೆಯ ತನಿಖೆಯೇ 2023ರಲ್ಲಿ ಹೇಳಿತು.

ಪ್ರಶ್ನೆ: ಅಶ್ರುವಾಯು ಕೂಡ ರಾಸಾಯನಿಕ ಅಸ್ತ್ರವಾ?

ಪೊಲೀಸರು ಗಲಭೆ ಚದುರಿಸಲು ಬಳಸಬಹುದು, ಸೈನ್ಯ ಯುದ್ಧದಲ್ಲಿ ಬಳಸುವಂತಿಲ್ಲ. ವಿಚಿತ್ರ ಅನ್ನಿಸಿದರೂ ಕಾರಣವಿದೆ. ಯುದ್ಧಭೂಮಿಯಲ್ಲಿ ಹೊಗೆ ಎದ್ದರೆ ಎದುರಿನವನು ಅದು ಯಾವ ಅನಿಲ ಎಂದು ಪರೀಕ್ಷೆ ಮಾಡಿಸುತ್ತಾ ಕೂರುವುದಿಲ್ಲ.

ಪ್ರಶ್ನೆ: ಹಾಗಾದರೆ ರೋಗಾಣು ಅಸ್ತ್ರಗಳ ತಪಾಸಕರು ಯಾರು?

ಯಾರೂ ಇಲ್ಲ.

ನಿಜವಾಗಿಯೂ ಇಲ್ಲ. ಜೈವಿಕ ಅಸ್ತ್ರ ನಿಷೇಧ ಒಪ್ಪಂದ 1975ರಲ್ಲೇ ಜಾರಿಗೆ ಬಂತು, ರಾಸಾಯನಿಕದ್ದಕ್ಕಿಂತ ಇಪ್ಪತ್ತೆರಡು ವರ್ಷ ಮೊದಲು. ಒಂದು ಇಡೀ ಬಗೆಯ ಅಸ್ತ್ರವನ್ನು ಪೂರ್ತಿ ನಿಷೇಧಿಸಿದ ಮೊದಲ ಒಪ್ಪಂದ ಎಂದು ಹೊಗಳಿಸಿಕೊಂಡಿತು. ಆದರೆ ಹೋಗಿ ನೋಡುವ ಏರ್ಪಾಡನ್ನೇ ಅದರಲ್ಲಿ ಇಡಲಿಲ್ಲ. ಜಿನೀವಾದಲ್ಲಿ ಬೆರಳೆಣಿಕೆಯ ಸಿಬ್ಬಂದಿಯ ಒಂದು ಚಿಕ್ಕ ಕಚೇರಿ ಇದೆ. ಅವರು ಸಭೆ ಏರ್ಪಡಿಸುತ್ತಾರೆ, ದೇಶಗಳು ಕಳಿಸಿದ ಮಾಹಿತಿ ಜೋಡಿಸಿಡುತ್ತಾರೆ.

ಅದರ ಫಲ ನೋಡಿ. ಒಪ್ಪಂದಕ್ಕೆ ಸಹಿ ಹಾಕಿದ ಸೋವಿಯತ್ ಒಕ್ಕೂಟವೇ ಗುಟ್ಟಾಗಿ ಜಗತ್ತಿನ ಅತಿ ದೊಡ್ಡ ರೋಗಾಣು ಕಾರ್ಯಕ್ರಮ ನಡೆಸುತ್ತಿತ್ತು. 1979ರ ಏಪ್ರಿಲ್‌ನಲ್ಲಿ ಸ್ವೆರ್ಡ್‌ಲೋವ್‌ಸ್ಕ್ ನಗರದ ಸೇನಾ ಘಟಕದಿಂದ ಆಂಥ್ರಾಕ್ಸ್ ರೋಗಾಣು ಗಾಳಿಗೆ ಬಿದ್ದು ಕನಿಷ್ಠ 66 ಜನ ಸತ್ತರು. ಕೆಟ್ಟ ಮಾಂಸ ತಿಂದು ಸತ್ತರು ಎಂದು ಸರ್ಕಾರ ಹೇಳಿತು, ಹೊರಗಿನ ಎಷ್ಟೋ ವಿಜ್ಞಾನಿಗಳೂ ನಂಬಿದರು. ರೋಗ ಸೇನೆಯಿಂದಲೇ ಬಂದದ್ದು ಎಂದು 1992ರಲ್ಲಿ ರಷ್ಯಾದ ಅಧ್ಯಕ್ಷ ಯೆಲ್ಟ್ಸಿನ್ ಒಪ್ಪಿಕೊಂಡರು. ಆಮೇಲೆ ಅಲ್ಲಿಗೆ ಹೋದ ಸಂಶೋಧಕರು, ಆ ದಿನ ಯಾರು ಎಲ್ಲಿದ್ದರು ಎಂದು ಮನೆ ಮನೆ ತಿರುಗಿ ಕೇಳಿ ನಕ್ಷೆಯ ಮೇಲೆ ಗುರುತು ಹಾಕಿದರು. ಸತ್ತವರಲ್ಲಿ ಹೆಚ್ಚಿನವರು ಘಟಕದಿಂದ ಗಾಳಿ ಬೀಸಿದ ದಿಕ್ಕಿಗೇ ಒಂದು ಕಿರಿದಾದ ಪಟ್ಟಿಯಲ್ಲಿ ಸಿಕ್ಕರು. ಮಾಂಸದ ಅಂಗಡಿ ಗಾಳಿಯ ದಿಕ್ಕು ನೋಡಿ ವ್ಯಾಪಾರ ಮಾಡುವುದಿಲ್ಲವಲ್ಲ.

ತಪಾಸಣೆ ಸೇರಿಸೋಣ ಎಂದು 1990ರ ದಶಕದಲ್ಲಿ ವರ್ಷಗಟ್ಟಲೆ ಮಾತಾಡಿದರು. 2001ರಲ್ಲಿ ಅಮೆರಿಕ ಆ ಕರಡು ಬೇಡ ಎಂದಿತು. ಔಷಧ ಕಂಪನಿಗಳ ಗುಟ್ಟು ಹೊರಬೀಳುತ್ತದೆ, ಇಷ್ಟು ಮಾಡಿದರೂ ಕಳ್ಳ ಸಿಗುವುದಿಲ್ಲ ಅನ್ನುವುದು ಅವರ ವಾದ. ಎರಡನೆಯದರಲ್ಲಿ ಹುರುಳಿದೆ. ಲಸಿಕೆ ಮಾಡುವ ಟ್ಯಾಂಕಿನಲ್ಲೇ ರೋಗಾಣುವನ್ನೂ ಬೆಳೆಸಬಹುದು, ಒಂದು ವಾರದಲ್ಲಿ ತೊಳೆದಿಡಬಹುದು. ಆದರೆ ಕಷ್ಟ ಅಂತ ನೋಡುವುದನ್ನೇ ಬಿಟ್ಟದ್ದು ನನಗೆ ಸರಿ ಕಾಣುವುದಿಲ್ಲ.

ಪ್ರಶ್ನೆ: ಅಪ್ಪಿತಪ್ಪಿ ಗುಂಡಿ ಒತ್ತಿಬಿಟ್ಟರೆ? ರಾತ್ರಿ ಇದನ್ನೇ ಯೋಚಿಸಿ ನಿದ್ದೆ ಬರಲ್ಲ.

ನಿದ್ದೆ ಬರಿಸುವ ಉತ್ತರ ನನ್ನ ಹತ್ತಿರ ಇಲ್ಲ. ಗುಂಡಿಗಿಂತ ಜಾಸ್ತಿ ಅಪಾಯ ಪರದೆಯಿಂದ. 1979ರ ನವೆಂಬರ್ 9ರಂದು ಅಮೆರಿಕದ ಎಚ್ಚರಿಕೆ ಕೇಂದ್ರದ ಕಂಪ್ಯೂಟರ್‌ಗಳಲ್ಲಿ ಸೋವಿಯತ್ ಕ್ಷಿಪಣಿಗಳ ಭಾರಿ ದಾಳಿ ಕಾಣಿಸಿತು. ಅದು ಅಭ್ಯಾಸಕ್ಕೆ ಮಾಡಿದ್ದ ದಾಳಿಯ ಚಿತ್ರ, ನಿಜವಾದ ವ್ಯವಸ್ಥೆಯೊಳಗೆ ಹೊಕ್ಕಿತ್ತು. 1983ರ ಸೆಪ್ಟೆಂಬರ್ 26ರಂದು ಸೋವಿಯತ್ ಅಧಿಕಾರಿ ಸ್ಟಾನಿಸ್ಲಾವ್ ಪೆಟ್ರೋವ್ ಮುಂದೆ ಐದು ಅಮೆರಿಕನ್ ಕ್ಷಿಪಣಿ ಹೊರಟ ಸೂಚನೆ ಬಂತು. ಯುದ್ಧ ಶುರು ಮಾಡುವವರು ಐದೇ ಐದು ಕಳಿಸುತ್ತಾರಾ ಎಂದು ಯೋಚಿಸಿ ಅವರು ಸುಳ್ಳು ಸೂಚನೆ ಎಂದು ವರದಿ ಮಾಡಿದರು. ಮೋಡದ ಮೇಲೆ ಬಿದ್ದ ಬಿಸಿಲು ಉಪಗ್ರಹವನ್ನು ಏಮಾರಿಸಿತ್ತು. 1995ರ ಜನವರಿಯಲ್ಲಿ ನಾರ್ವೆ ವಿಜ್ಞಾನ ಪ್ರಯೋಗಕ್ಕೆ ರಾಕೆಟ್ ಹಾರಿಸಿತು. ಮೊದಲೇ ತಿಳಿಸಿಯೂ ಇತ್ತು. ಆ ಸಂದೇಶ ರಷ್ಯಾದ ರಾಡಾರ್ ಮುಂದೆ ಕೂತವರಿಗೆ ಮುಟ್ಟಲಿಲ್ಲ, ಅಣುದಾಳಿಗೆ ಆದೇಶ ಕೊಡಲು ಅಧ್ಯಕ್ಷರ ಜೊತೆ ಇರುವ ಪೆಟ್ಟಿಗೆಯವರೆಗೂ ವಿಷಯ ಹೋಯಿತು.

ಕೊನೆಯದು ನಮ್ಮದೇ. 2022ರ ಮಾರ್ಚ್ 9ರಂದು ಭಾರತದ ಬ್ರಹ್ಮೋಸ್ ಕ್ಷಿಪಣಿಯೊಂದು ತಪ್ಪಾಗಿ ಹಾರಿ ಪಾಕಿಸ್ತಾನದೊಳಗೆ ಬಿತ್ತು. ಸಿಡಿತಲೆ ಇರಲಿಲ್ಲ, ಯಾರೂ ಸಾಯಲಿಲ್ಲ, ಮೂವರು ಅಧಿಕಾರಿಗಳು ಕೆಲಸ ಕಳೆದುಕೊಂಡರು. ಕ್ಷಿಪಣಿ ಪರೀಕ್ಷೆಗೆ ಮುಂಚೆ ಒಬ್ಬರಿಗೊಬ್ಬರು ತಿಳಿಸಬೇಕು ಎಂದು 2005ರಲ್ಲೇ ಎರಡೂ ದೇಶ ಒಪ್ಪಿದ್ದವು. ಅದು ಎಸೆದ ಕಲ್ಲಿನಂತೆ ಮೇಲೇರಿ ಬೀಳುವ ಬ್ಯಾಲಿಸ್ಟಿಕ್ ಕ್ಷಿಪಣಿಗೆ ಮಾತ್ರ, ವಿಮಾನದಂತೆ ಹಾರುವ ಬ್ರಹ್ಮೋಸ್‌ನಂಥ ಕ್ರೂಸ್ ಕ್ಷಿಪಣಿಗೆ ಅನ್ವಯಿಸುವುದಿಲ್ಲ. ಇದನ್ನು ಸರಿಪಡಿಸಲು ದೊಡ್ಡ ಶೃಂಗಸಭೆ ಬೇಕಿಲ್ಲ, ಒಂದು ಸಾಲು ಸೇರಿಸಿದರೆ ಸಾಕು.

ಪ್ರಶ್ನೆ: ಭಾರತ ಮೊದಲು ಅಣುಬಾಂಬ್ ಬಳಸುವುದಿಲ್ಲ ಅಂತ ಕೊಟ್ಟ ಮಾತು ಯಾವ ಸಂದರ್ಭಕ್ಕೂ ಅನ್ವಯಿಸುತ್ತಾ?

2003ರ ಜನವರಿ 4ರಂದು ಪ್ರಕಟಿಸಿದ ನೀತಿಯಲ್ಲಿ ಒಂದು ಬಿಡುವು ಇದೆ. ಭಾರತದ ಮೇಲೋ, ಬೇರೆಲ್ಲೋ ಇರುವ ಭಾರತೀಯ ಸೇನೆಯ ಮೇಲೋ ರಾಸಾಯನಿಕ ಅಥವಾ ಜೈವಿಕ ಅಸ್ತ್ರದ ದೊಡ್ಡ ದಾಳಿ ಆದರೆ ಅಣ್ವಸ್ತ್ರದಿಂದ ಉತ್ತರಿಸುವ ಆಯ್ಕೆ ಉಳಿಸಿಕೊಂಡಿದ್ದೇವೆ ಎಂದು. ರೋಗಾಣು ಅಸ್ತ್ರದ ಉತ್ತರ ನೆನಪಿದೆಯಾ, ಜೈವಿಕ ದಾಳಿ ಯಾರು ಮಾಡಿದರು ಎಂದು ಪತ್ತೆ ಹಚ್ಚಲು ಕಾಯಂ ತಪಾಸಕರೇ ಇಲ್ಲ. ಸಾಕ್ಷಿ ಇಲ್ಲದ ಅಪರಾಧಕ್ಕೆ ಅತಿ ದೊಡ್ಡ ಶಿಕ್ಷೆಯ ಬೆದರಿಕೆ ಇಡುವುದು ಬರಹದಲ್ಲಿ ಸುಲಭ, ಆ ದಿನ ನಿರ್ಧಾರ ಮಾಡುವವರಿಗೆ ಅಲ್ಲ.

ಒಂದು ಒಳ್ಳೆಯ ಸುದ್ದಿಯೂ ಕೇಳಿ. ಒಬ್ಬರ ಅಣುಸ್ಥಾವರದ ಮೇಲೆ ಇನ್ನೊಬ್ಬರು ದಾಳಿ ಮಾಡಬಾರದು ಎಂದು 1988ರಲ್ಲಿ ಭಾರತ, ಪಾಕಿಸ್ತಾನ ಸಹಿ ಹಾಕಿವೆ. ಅದರಂತೆ 1992ರಿಂದ ಪ್ರತಿ ಜನವರಿ 1ಕ್ಕೆ ಸ್ಥಾವರಗಳ ಪಟ್ಟಿ ಬದಲಾಯಿಸಿಕೊಳ್ಳುತ್ತವೆ. ಕಾರ್ಗಿಲ್ ಆದ ವರ್ಷದ ಮರುವರ್ಷವೂ ಅದು ತಪ್ಪಲಿಲ್ಲ.

ಪ್ರಶ್ನೆ: ಉಕ್ರೇನ್ ಬಾಂಬ್ ಬಿಟ್ಟುಕೊಟ್ಟು ಕೆಟ್ಟಿತು. ಲಿಬಿಯಾದ ಗಡ್ಡಾಫಿಯೂ ಬಿಟ್ಟುಕೊಟ್ಟು ಸತ್ತ. ಉತ್ತರ ಕೊರಿಯಾದ ಕಿಮ್ ಮಾತ್ರ ಜಾಣ ಅಂತ ನಮ್ಮ ಮೇಷ್ಟ್ರು ಹೇಳುತ್ತಾರೆ. ಹೌದಾ?

ನಿಮ್ಮ ಮೇಷ್ಟ್ರ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಎಷ್ಟೋ ದೇಶಗಳ ಸೇನಾಧಿಕಾರಿಗಳೂ ಇದನ್ನೇ ಯೋಚಿಸುತ್ತಾರೆ.

ಆದರೆ ವಿವರ ನೋಡಿ. ಸೋವಿಯತ್ ಒಕ್ಕೂಟ ಒಡೆದಾಗ ಉಕ್ರೇನ್ ನೆಲದಲ್ಲಿ ಸುಮಾರು 1,900 ದೂರಗಾಮಿ ಸಿಡಿತಲೆಗಳು ಉಳಿದಿದ್ದವು. ಅವನ್ನು ಹಾರಿಸುವ ಸಂಕೇತ ಇದ್ದದ್ದು ಮಾಸ್ಕೋ ಕೈಯಲ್ಲಿ. ಸಂಕೇತ ಬದಲಿಸಿಕೊಳ್ಳಲು, ಸಿಡಿತಲೆಗಳನ್ನು ಕಾಪಾಡಲು ಕೋಟಿಗಟ್ಟಲೆ ದುಡ್ಡು ಬೇಕಿತ್ತು. ಆಗಿನ ಉಕ್ರೇನ್ ಹತ್ತಿರ ಅದೂ ಇರಲಿಲ್ಲ. ಕೊಟ್ಟದ್ದಕ್ಕೆ ಅಣು ವಿದ್ಯುತ್ ಸ್ಥಾವರಗಳಿಗೆ ಇಂಧನ ಸಿಕ್ಕಿತು. 1994ರ ಡಿಸೆಂಬರ್ 5ರಂದು ಬುಡಾಪೆಸ್ಟ್‌ನಲ್ಲಿ ರಷ್ಯಾ, ಅಮೆರಿಕ, ಬ್ರಿಟನ್ ಮೂವರೂ ನಿಮ್ಮ ಗಡಿಯನ್ನು ಗೌರವಿಸುತ್ತೇವೆ ಎಂದು ಬರೆದುಕೊಟ್ಟರು. ಗೌರವಿಸದಿದ್ದರೆ ಸೈನ್ಯ ಕಳಿಸುತ್ತೇವೆ ಎಂದು ಯಾರೂ ಬರೆಯಲಿಲ್ಲ. 2014ರಲ್ಲಿ ಕ್ರಿಮಿಯಾ ಹೋಯಿತು, 2022ರಲ್ಲಿ ಪೂರ್ಣ ಯುದ್ಧ ಬಂತು. ಮೋಸವಾದದ್ದು ನಿಜ. ಬಾಂಬ್ ಇಟ್ಟುಕೊಂಡಿದ್ದರೆ ಹೀಗಾಗುತ್ತಿರಲಿಲ್ಲ ಅನ್ನುವುದು ಅಷ್ಟು ಸುಲಭದ ಲೆಕ್ಕವಲ್ಲ.

ಗಡ್ಡಾಫಿ 2003ರಲ್ಲಿ ಒಪ್ಪಿಸಿದಾಗ ಅವನ ಹತ್ತಿರ ಬಾಂಬೇ ಇರಲಿಲ್ಲ. ಪಾಕಿಸ್ತಾನದ ಎ.ಕ್ಯೂ. ಖಾನ್ ಜಾಲದಿಂದ ಕೊಂಡ ಸೆಂಟ್ರಿಫ್ಯೂಜ್ ಸಾಮಾನು ಇತ್ತು, ಅದರಲ್ಲೂ ಬಹಳಷ್ಟು ಜೋಡಿಸಿರಲಿಲ್ಲ. ಪಟ್ಟಿಗೆ ದಕ್ಷಿಣ ಆಫ್ರಿಕಾವನ್ನೂ ಸೇರಿಸಿ ನೋಡಿ. ಅದು ಆರು ಬಾಂಬ್ ಮಾಡಿ, ತಾನೇ ಕಳಚಿ, 1993ರಲ್ಲಿ ಜಗತ್ತಿಗೆ ಹೇಳಿತು. ಐಎಇಎ ಹೋಗಿ ಲೆಕ್ಕ ತಾಳೆ ನೋಡಿತು. ಯಾರೂ ಆ ದೇಶದ ಮೇಲೆ ದಂಡೆತ್ತಿ ಹೋಗಿಲ್ಲ.

ಪ್ರಶ್ನೆ: ನೆಲದಡಿ ಗುಟ್ಟಾಗಿ ಅಣು ಪರೀಕ್ಷೆ ಮಾಡಿದರೆ ಗೊತ್ತಾಗುತ್ತಾ?

ಬಹುಮಟ್ಟಿಗೆ ಗೊತ್ತಾಗುತ್ತದೆ. ಪರೀಕ್ಷೆಗಳನ್ನೇ ನಿಷೇಧಿಸುವ ಸಿಟಿಬಿಟಿ ಒಪ್ಪಂದ 1996ರದ್ದು. ಇನ್ನೂ ಜಾರಿಗೆ ಬಂದಿಲ್ಲ. ಆದರೆ ಅದಕ್ಕಾಗಿ ಕಟ್ಟಿದ ಕಾವಲು ಜಾಲ ಮಾತ್ರ ಹಗಲೂ ರಾತ್ರಿ ಕೆಲಸ ಮಾಡುತ್ತಿದೆ. ತಮಾಷೆ ಅಲ್ವಾ, ಕಾನೂನು ಹುಟ್ಟುವ ಮುಂಚೆ ಪೊಲೀಸ್ ಠಾಣೆ ತೆರೆದಂತೆ. ಜಗತ್ತಿನಾದ್ಯಂತ 321 ಕೇಂದ್ರಗಳ ಯೋಜನೆ ಅದು, ಹೆಚ್ಚಿನವು ಸಿದ್ಧವಾಗಿವೆ. ಕೆಲವು ಭೂಮಿಯ ನಡುಕ ಅಳೆಯುತ್ತವೆ, ಕೆಲವು ಸಮುದ್ರದೊಳಗಿನ ಸದ್ದು ಕೇಳುತ್ತವೆ, ಕೆಲವು ಗಾಳಿಯಲ್ಲಿ ವಿಕಿರಣ ಹುಡುಕುತ್ತವೆ. 2006ರ ಉತ್ತರ ಕೊರಿಯಾ ಪರೀಕ್ಷೆ ಒಂದು ಕಿಲೋಟನ್‌ಗಿಂತ ಚಿಕ್ಕದು, ಹಿರೋಶಿಮಾದ್ದು ಸುಮಾರು 15. ಅಷ್ಟು ಚಿಕ್ಕದೂ ನಡುಕದ ಯಂತ್ರಗಳಿಗೆ ಸಿಕ್ಕಿತು. ಸುಮಾರು ಎರಡು ವಾರದ ನಂತರ ದೂರದ ಕೆನಡಾದ ಯೆಲೋನೈಫ್ ಕೇಂದ್ರಕ್ಕೆ ಅದರ ಕ್ಸೆನಾನ್ ಅನಿಲವೂ ಬಂದು ಮುಟ್ಟಿತು.

ಪ್ರಶ್ನೆ: ಅಮೆರಿಕ, ರಷ್ಯಾ ನಡುವಿನ ಕೊನೆಯ ಒಪ್ಪಂದದ ಅವಧಿ ಮುಗಿದದ್ದರಿಂದ ಏನು ವ್ಯತ್ಯಾಸ? ಹೇಗೂ ಇಬ್ಬರ ಹತ್ತಿರವೂ ಬೇಕಾದಷ್ಟಿದೆ.

ನ್ಯೂ ಸ್ಟಾರ್ಟ್ ಬಗ್ಗೆ ಕೇಳುತ್ತಿದ್ದೀರಿ. 2010ರಲ್ಲಿ ಸಹಿ, ಅವಧಿ 2026ರ ಫೆಬ್ರವರಿ 5ಕ್ಕೆ ಮುಗಿಯಿತು. ಹಾರಿಸಲು ಸಿದ್ಧವಾಗಿಟ್ಟ ದೂರಗಾಮಿ ಸಿಡಿತಲೆ ಒಬ್ಬೊಬ್ಬರಿಗೆ 1,550 ದಾಟಬಾರದು ಎಂಬುದು ಮಿತಿಯಾಗಿತ್ತು. ಜಗತ್ತಿನ ಅಣ್ವಸ್ತ್ರಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಪಾಲು ಈ ಇಬ್ಬರದ್ದೇ.

ಎಲ್ಲರೂ 1,550ರ ಬಗ್ಗೆ ಮಾತಾಡುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಇನ್ನೊಂದು ಅಂಕಿ, 18. ವರ್ಷಕ್ಕೆ ಹದಿನೆಂಟು ಸಲ ಒಬ್ಬರ ನೆಲೆಗೆ ಇನ್ನೊಬ್ಬರ ತಪಾಸಕರು ಹೋಗಬಹುದಿತ್ತು. ಈ ಕ್ಷಿಪಣಿ ತೋರಿಸಿ ಎಂದರೆ ತೋರಿಸಬೇಕು. ಸಿಡಿತಲೆಗಳ ಮೇಲೆ ಮುಸುಕು ಹಾಕಿರುತ್ತಾರೆ, ವಿನ್ಯಾಸ ಕಾಣಬಾರದು, ಆದರೆ ಎಷ್ಟಿವೆ ಎಂದು ಎಣಿಸಬಹುದು. ಕೋವಿಡ್ ಬಂದಾಗ 2020ರ ಮಾರ್ಚ್‌ನಲ್ಲಿ ಇದು ನಿಂತಿತು. 2023ರ ಫೆಬ್ರವರಿಯಲ್ಲಿ ರಷ್ಯಾ ಒಪ್ಪಂದವನ್ನೇ ತಡೆಹಿಡಿಯಿತು. ತಪಾಸಣೆ ಮತ್ತೆ ಶುರುವಾಗಲೇ ಇಲ್ಲ. ಉಪಗ್ರಹ ಇದೆಯಲ್ಲ ಎನ್ನುತ್ತೀರಿ. ಉಪಗ್ರಹಕ್ಕೆ ಕ್ಷಿಪಣಿ ಇಟ್ಟ ನೆಲದ ಹೊಂಡ ಕಾಣುತ್ತದೆ, ಕ್ಷಿಪಣಿಯ ತುದಿಯಲ್ಲಿ ಒಂದು ಸಿಡಿತಲೆ ಇದೆಯೋ ಮೂರಿದೆಯೋ ಕಾಣುವುದಿಲ್ಲ. ಗೊತ್ತಿಲ್ಲದಾಗ ಸೇನೆಯವರು ಜಾಸ್ತಿಯೇ ಇದೆ ಎಂದು ಹಿಡಿಯುತ್ತಾರೆ, ಅದಕ್ಕೆ ತಕ್ಕಂತೆ ತಮ್ಮದನ್ನೂ ಏರಿಸುತ್ತಾರೆ. 1980ರ ದಶಕದ ನಡುವಿನಲ್ಲಿ ಜಗತ್ತಿನ ಒಟ್ಟು ಸಂಖ್ಯೆ 70 ಸಾವಿರ ಮುಟ್ಟಿದ್ದು ಇಂಥ ಊಹೆಗಳಿಂದಲೂ ಹೌದು.

ಪ್ರಶ್ನೆ: ನಾನು ರಸಾಯನಶಾಸ್ತ್ರದಲ್ಲಿ ಎಂಎಸ್‌ಸಿ ಮಾಡುತ್ತಿದ್ದೇನೆ. ಈ ತಪಾಸಕರ ಕೆಲಸ ನಮ್ಮಂಥವರಿಗೆ ಸಿಗುತ್ತಾ? ಮನೆಯಲ್ಲಿ ನಗುತ್ತಾರೆ.

ನಗಲಿ ಬಿಡಿ. ಸಿಗುತ್ತದೆ, ಆದರೆ ಓದು ಮುಗಿಸಿದ ತಕ್ಷಣ ಅಲ್ಲ. ಹೇಗ್‌ನ ಸಂಸ್ಥೆಗೆ ರಸಾಯನಶಾಸ್ತ್ರಜ್ಞರು, ಕಾರ್ಖಾನೆಯಲ್ಲಿ ಪಳಗಿದ ಎಂಜಿನಿಯರ್‌ಗಳು, ಮದ್ದುಗುಂಡು ತಿಳಿದವರು, ವೈದ್ಯರು ಎಲ್ಲ ಬೇಕು. ವಿಯೆನ್ನಾದವರಿಗೆ ಭೌತಶಾಸ್ತ್ರ, ಅಣು ಎಂಜಿನಿಯರಿಂಗ್ ಕಡೆಯವರು ಜಾಸ್ತಿ ಬೇಕು. ಕೆಲವು ವರ್ಷ ಲ್ಯಾಬಿನಲ್ಲೋ ಕಾರ್ಖಾನೆಯಲ್ಲೋ ಕೈ ಪಳಗಿರಬೇಕು. ವಿಷವಸ್ತುಗಳ ವಿಶ್ಲೇಷಣೆ ಕಲಿತಿದ್ದರೆ ನಿಮಗೆ ದೊಡ್ಡ ಅನುಕೂಲ. ಇಂಗ್ಲಿಷ್ ಚೆನ್ನಾಗಿರಬೇಕು, ಜೊತೆಗೆ ರಷ್ಯನ್, ಅರಬ್ಬಿ, ಫ್ರೆಂಚ್‌ನಂಥ ಇನ್ನೊಂದು ಭಾಷೆ ಬಂದರೆ ಇನ್ನೂ ಒಳ್ಳೆಯದು. ಹೇಗ್‌ನಲ್ಲಿ ಸಾಮಾನ್ಯವಾಗಿ ಏಳು ವರ್ಷಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದಿಲ್ಲ, ಹಾಗಾಗಿ ಜಾಗ ಖಾಲಿಯಾಗುತ್ತಲೇ ಇರುತ್ತದೆ. ಜಾಹೀರಾತು ಅವರದೇ ಜಾಲತಾಣದಲ್ಲಿ ಬರುತ್ತದೆ, ನಡುವೆ ಯಾರಾದರೂ ಏಜೆಂಟ್ ಅಂತ ಬಂದು ದುಡ್ಡು ಕೇಳಿದರೆ ಕೊಡಬೇಡಿ. ಮತ್ತೊಂದು ಮಾತು, ರಬ್ಬರ್ ಉಡುಪು, ಮುಖವಾಡ ಹಾಕಿಕೊಂಡು ಬಿಸಿಲಿನಲ್ಲಿ ಗಂಟೆಗಟ್ಟಲೆ ನಿಲ್ಲುವ ಕೆಲಸ ಇದು. ಈಗಿನಿಂದಲೇ ದಿನಾ ಬೆಳಿಗ್ಗೆ ಓಡುವುದು ರೂಢಿ ಮಾಡಿಕೊಳ್ಳಿ.